ಕಪಾಟು ನಂಬರ ಹದಿನೇಳು

ಕಾಲೇಜಿನ ಮ್ಯೂಸಿಯಂ ಕೀಲಿ ನನ್ನ ಕೈಗೆ ಬಂದಿದ್ದು
ಅನುಕಂಪದ ಆಧಾರದ ಮ್ಯಾಲೆ.
ಆರ್ಡರಿನ್ಯಾಗ ಹಂಗೇ ಬರದಿತ್ತು:
ದಿವಂಗತ ಶಿವಪುತ್ರಪ್ಪ ಕಡ್ಲಿಕೊಪ್ಪ ಇವರ ವಿಧವೆ.
ನನ್ನ ಹೆಸರು ಎರಡನೇ ಸಾಲಿಗೆ.

ಮೊದಲ ದಿನ ಹಾವಿನ ಬಾಟ್ಲಿ ಒರಸಿದೆ,
ಎರಡು ತಲಿ ಕರ, ಆಮಿ ಚಿಪ್ಪು.
ಆಮ್ಯಾಲೆ ಹದಿನೇಳನೇ ಕಪಾಟು.
ಗಾಜಿನ ಹಿಂದ ಒಂದು ಹಕ್ಕಿ.
ಗುಬ್ಬಿಗಿಂತ ತುಸು ದೊಡ್ಡದು, ಅಷ್ಟ.
ಬಾಲ ಮಾತ್ರ ಹಲಗಿ ಇಳದು
ಕೆಳಗಿನ ಖಾನೇದ ಬಾವಲಿ ಮುಟ್ಟಿತ್ತು.
ಯಾರೋ ಗುಂಡಗಿನ ಅಕ್ಷರದಾಗ ಚೀಟಿ ಅಂಟಿಸಿದ್ರು:
ಉದ್ದಬಾಲದ ವಿಧವೆ. ಗಂಡು.
ದಕ್ಷಿಣ ಆಫ್ರಿಕಾ.

ನಗಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡೆ.
ಮೂರು ತಿಂಗಳಾಗಿತ್ತು ನಕ್ಕು.

ಹುಕ್ಕೇರಿ ಮೇಡಂ ಹೇಳಿದ್ರು:
ಗೀಜಗನ ಕುಲದ್ದು ಇದು, ನೀಲವ್ವ.
ನಿಮ್ಮ ನವಲೂರಾಗ ಬಾವಿ ಮ್ಯಾಲೆ ಗೂಡು ಹೆಣೀತಾವಲ್ಲ,
ಅವುಕ್ಕ ದೂರದ ಬೀಗರು.
ಹುಲ್ಲಿನ ಮ್ಯಾಲೆ ಕರಿ ಬಾಲ ಎಳಕೊಂಡು ನಿಧಾನ ಹಾರತಾವ;
ಗಂಡ ಸತ್ತಾಕಿ ಅರಿವಿ ಕಂಡಂಗ ಕಂಡ್ವಂತ
ಹೆಸರಿಟ್ಟ ಸಾಹೇಬರಿಗೆ.

ಕರಿ ಮೈ, ಹೆಗಲಿಗೆ ಕೆಂಪು ಅಂಚು.
ಇದು ಚಂದ್ರಕಾಳಿ ಸೀರಿ ಅಲ್ಲೇನ್ರಿ ಮೇಡಂ?
ಲಗ್ನ ಆದ ವರ್ಷ ಸಂಕ್ರಮಣಕ್ಕ
ನಮ್ಮತ್ತಿ ತಾನ ನಿಂತು ಉಡಿಸಿದ್ದಳು,
ನಿರಗಿ ಹಿಡಿದು, ಉಡಿ ತುಂಬಿ.

ಮೇಡಂ ಚಷ್ಮಾ ತಗದು ಒರಸಿಕೊಂಡ್ರು.
ಮತ್ತೊಂದು ಹೇಳಿದ್ರು:
ಯಾರೋ ಒಬ್ಬರು ಅಲ್ಲಿಯ ಗಂಡುಗಳ ಬಾಲ ಕತ್ತರಿಸಿ
ಬ್ಯಾರೆ ಗಂಡುಗಳಿಗೆ ಅಂಟಿಸಿ ನೋಡಿದ್ರಂತ.
ಹೆಣ್ಣು ಹೋಗಿ ಗೂಡು ಹಿಡಿದಿದ್ದು
ಅಂಟಿಸಿಕೊಂಡವನ ಹುಲ್ಲಿನ್ಯಾಗ.

ಅಂಟು ಹಚ್ಚಿದ್ದು ಅವುಕ್ಕ ತಿಳೀಲಿಲ್ಲೇನ್ರಿ?
ಅಂತ ಕೇಳಬೇಕಂದೆ. ಗಂಟಿ ಹೊಡೀತು.

ನಮ್ಮ ಕಪಾಟಿನ್ಯಾಗ ಹೆಣ್ಣಿಲ್ಲ.
ಮಣ್ಣಬಣ್ಣ ಇರ್ತಾವಂತ, ಮೋಟು ಬಾಲ;
ಅಷ್ಟು ದೂರದಿಂದ ಯಾರು ಹೊತ್ತು ತರತಾರ?

ಶ್ರಾವಣದ ಥಂಡಿಗೆ ಎರಡು ಗರಿ ಉದುರಿದ್ವು.
ಫೆವಿಕಾಲಿನಿಂದ ನಾನೂ ಅಂಟಿಸಿದೆ.
ಒಂದು ಸ್ವಲ್ಪ ಸೊಟ್ಟ ಕುಂತೈತಿ.
ಇನ್ಸ್‌ಪೆಕ್ಷನ್ನಿಗೆ ಬಂದವರು ನೋಡಲಿಲ್ಲ.

ನುಸಿ ಹತ್ತೈತಿ ಅಂತ ಅರ್ಜಿ ಕೊಟ್ಟು
ಡಾಂಬರ ಗುಳಿಗಿ ತರಿಸಿದೆ, ನಾಕು.
ಮೂರು ಹಕ್ಕಿ ಕಾಲ ಹತ್ರ ಇಟ್ಟೆ.
ಒಂದು ಚೀಲದಾಗ ಹಾಕ್ಕೊಂಡು
ಸಂಜಿ ಬಸ್ಸಿಗೆ ನವಲೂರಿಗೆ ಬಂದು
ಟ್ರಂಕಿನ ತಳದಾಗ,
ಆ ಸೀರಿ ಮಡಿಕ್ಯಾಗ ತುರುಕಿದೆ.

ಲೆಕ್ಕದ ಪುಸ್ತಕದಾಗ
ನಾಕೂ ಹಕ್ಕಿ ಹೆಸರಲೇ ಬರದೇನಿ.