ಕೇಸು ನಿಲ್ತದಾ?

"ಕೇಸು ನಿಲ್ತದಾ ಅಕ್ಕೋರೆ?" ಎಂದು ಕೇಳಿ
ಬುದವಂತ ಹರಿಕಂತ್ರ ಕೂತ,
ಬಲಗೈಯನ್ನು ತೊಡೆಯ ಮೇಲೆ
ಬೇರೆಯವರ ಸಾಮಾನಿನ ಹಾಗೆ ಇಟ್ಟುಕೊಂಡು.
ಹಿಂದೆ ಹೆಂಡತಿ ಶೇವಂತಿ, ಕೂರೆಂದರೂ ನಿಂತೇ.

ಕಾರವಾರ ಕೋರ್ಟಿನ ಹಿಂದಿನ ಓಣಿ, ಮಹಡಿಯ ಮೇಲೆ ನನ್ನ ಆಫೀಸು.
ಕೆಳಗಿನ ಝೆರಾಕ್ಸ್ ಅಂಗಡಿಯ ಬಿಸಿ ಕಾಗದದ ವಾಸನೆ
ಕಕ್ಷಿದಾರರಿಗಿಂತ ಮೊದಲೇ ಮೆಟ್ಟಿಲು ಹತ್ತುತ್ತದೆ.
ಹಳದಿ ಪ್ಯಾಡಿನ ನಡುವೆ ಗೀಟು ಎಳೆದೆ:
ಈ ಕಡೆ ಇರುವುದು, ಆ ಕಡೆ ಇಲ್ಲದ್ದು.

ಮಣಿಕಟ್ಟಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು.
ಹತ್ತು ನಿಮಿಷದ ಕೆಲಸ ಎಂದರಂತೆ ಡಾಕ್ಟರು.
ಹತ್ತೇ ನಿಮಿಷ ಆಯಿತಂತೆ.
ಆಮೇಲೆ ಹೆಬ್ಬೆಟ್ಟು, ತೋರುಬೆರಳು, ನಡುಬೆರಳು
ಮೂರೂ ನಿದ್ದೆ ಹೋದವು.
ಹದಿನಾರು ತಿಂಗಳಾಯಿತು, ಎದ್ದಿಲ್ಲ.
ಚಹಾ ಲೋಟದ ಬಿಸಿ ಈಗ ಕಿರುಬೆರಳಿಗಷ್ಟೇ ಗೊತ್ತು.

ಕೆಟ್ಟದ್ದಾಯಿತು ಎನ್ನುವುದು ಬೇರೆ ಬುದವಂತ,
ತಪ್ಪು ಮಾಡಿದರು ಎನ್ನುವುದು ಬೇರೆ.
ನಡುವೆ ಕಾಳಿ ಹೊಳೆಯಷ್ಟು ಅಗಲ.
ದಾಟಿಸಲು ಇನ್ನೊಬ್ಬ ಡಾಕ್ಟರೇ ಬೇಕು;
ಈ ಊರಿನ ಡಾಕ್ಟರುಗಳೆಲ್ಲ
ಒಂದೇ ಮದುವೆಯಲ್ಲಿ ಊಟಕ್ಕೆ ಕೂರುವವರು.
ಹುಬ್ಬಳ್ಳಿಯಿಂದ ತರಬೇಕು, ಇಲ್ಲ ಗೋವೆಯಿಂದ.
ಅವರ ಒಂದು ದಿನದ ಖರ್ಚು ನಿಮ್ಮ ಒಂದು ಸೀಜನ್ನು.
ನಿಮ್ಮ ದುಡಿಮೆಗೆ ರಸೀದಿ ಉಂಟಾ?

ನಕ್ಕ. "ಬಲೆ ಕಟ್ಟಿದ್ದಕ್ಕೆ ಯಾರು ರಸೀದಿ ಕೊಡ್ತಾರೆ?
ನಗದು. ಇಲ್ಲದಿದ್ರೆ ಒಂದು ಪಾಲು ಬಂಗಡೆ."
ಪ್ಲಾಸ್ಟಿಕ್ ಕೊಟ್ಟೆಯಿಂದ ಎರಡು ತುಂಡು ಬಲೆ ತೆಗೆದು
ನನ್ನ ಕಾನೂನು ಪುಸ್ತಕಗಳ ಮೇಲೆ ಹರವಿದ.
"ಇದು ಕೈ ಇದ್ದಾಗಿನದು. ಇದು ಈಗಿನದು."
ನನಗೆ ಎರಡೂ ಒಂದೇ, ಎರಡೂ ನೀಲಿ.
"ನಿಮಗೆ ಕಾಣೂದಿಲ್ಲ. ಮೀನಿಗೆ ಕಾಣ್ತದೆ."
ಮೀನನ್ನು ಸಾಕ್ಷಿಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂದೆ.

ಶೇವಂತಿ ನಗಲಿಲ್ಲ.
"ಡಾಕ್ಟರ ಮನೆಗೆ ಮೀನು ಕೊಡೂದು ನಾನೇ,
ವಾರಕ್ಕೆ ಮೂರು ದಿನ.
ಕೇಸು ಹಾಕಿದ ಮೇಲೆ ಕೊಡೂದಾ, ಬಿಡೂದಾ?"
ಪೆನ್ನು ಗೀಟಿನ ಮೇಲೆಯೇ ನಿಂತಿತು.

ಆಸ್ಪತ್ರೆ ಕೊಟ್ಟ ಕೇಸ್ ಶೀಟು ಹನ್ನೊಂದು ಪುಟ.
ಒಂಬತ್ತನೆಯದು ಒಪ್ಪಿಗೆ ಪತ್ರ:
ನರಕ್ಕೆ ಪೆಟ್ಟಾಗಬಹುದೆಂದು ನನಗೆ
ನನ್ನ ಭಾಷೆಯಲ್ಲಿ ಮೊದಲೇ ತಿಳಿಸಲಾಗಿದೆ.
ಕೆಳಗೊಂದು ಹೆಬ್ಬೆಟ್ಟು.
ಸರಿ, ಮುಗಿಯಿತು ಎಂದು
ಪ್ಯಾಡಿನ ಆ ಕಡೆ ಬರೆಯಹೊರಟೆ.

"ನಾ ಸಹಿ ಹಾಕೋನು" ಅಂದ.
"ಬೈತಖೋಲ ಶಾಲೆ, ಏಳನೇ ಇಯತ್ತೆವರೆಗೆ."
ಹಾಗಾದರೆ ಇದು ಯಾರದ್ದು?
ಎಡಗೈಯಲ್ಲಿ ಕಾಗದವನ್ನು ಕಿಟಕಿಗೆ ಹಿಡಿದ. ಬಹಳ ಹೊತ್ತು.
"ನಂದೇ. ಈ ಅಡ್ಡಗೀಟು ನೋಡಿ,
ಅಪ್ಪ ಬಲೆ ಕಲಿಸೂವಾಗ ಸೂಜಿ ಹೊಕ್ಕಿದ್ದು.
ಆದರೆ ಒತ್ತಿದ್ದು ನನಗೆ ಗೊತ್ತಿಲ್ಲ."

ಯಾಕೆ ಗೊತ್ತಿಲ್ಲ ಎನ್ನುವುದು
ಮೂವರಿಗೂ ಒಟ್ಟಿಗೇ ಹೊಳೆಯಿತು.
ಫ್ಯಾನು ತಿರುಗುತ್ತಿತ್ತು.
ಗುರುತಿನ ಅಂಚಿಗೆ ಒಂದು ಮಚ್ಚೆ;
ಝೆರಾಕ್ಸಿನಲ್ಲಿ ರಕ್ತವೂ ಶಾಯಿಯೂ ಒಂದೇ ಕಪ್ಪು.
ಮೂಲ ಪ್ರತಿ ಆಸ್ಪತ್ರೆಯ ಕಪಾಟಿನಲ್ಲಿದೆ,
ನಾವು ಕೇಳುವ ದಿನದವರೆಗೆ ಇರುತ್ತದೆ.

"ಈಗ ನಿಲ್ತದಾ?"
ಸೋಮವಾರ ಬನ್ನಿ ಎಂದೆ.
ನಿಂತರೂ ನಾಲ್ಕು ವರ್ಷ, ಮೇಲ್ಮನವಿಗೆ ಇನ್ನೆಷ್ಟೋ,
ಅದನ್ನೂ ಹೇಳಿದೆ. ಮೆಟ್ಟಿಲ ಹತ್ತಿರ, ಮೆಲ್ಲಗೆ.

ರಾತ್ರಿ ಬಾಗಿಲು ಹಾಕುವಾಗ ಬಲೆಯ ತುಂಡುಗಳು ಅಲ್ಲೇ ಇದ್ದವು.
ಹಳೆಯದರ ಕಣ್ಣಿಗೆ ಬೆರಳು ತೂರಿಸಿ ಎಳೆದೆ, ಜಗ್ಗಿದೆ,
ಉಗುರಡಿ ಕೆಂಪಾಯಿತು, ಗಂಟು ಅಲುಗಲಿಲ್ಲ.
ಹೊಸದರದ್ದು ಒಂದೇ ಎಳೆತಕ್ಕೆ
ಎಣ್ಣೆ ಹಚ್ಚಿದಂತೆ ಜಾರಿ ಎರಡು ಕಣ್ಣು ಒಂದಾಯಿತು.
ಒಂದು ಬಂಗಡೆ ಆರಾಮಾಗಿ ಹೋಗುವಷ್ಟು.

ಅವಧಿ ಮುಗಿಯಲು ಎಂಟು ತಿಂಗಳು:
ಪ್ಯಾಡಿನಲ್ಲಿ ದಿನಾಂಕ ಬರೆದು ಅಡಿಗೆರೆ ಹಾಕಿದೆ.
ಹುಬ್ಬಳ್ಳಿಯಲ್ಲಿ ಸುಮೇಧಾ ಇದ್ದಾಳೆ,
ಕಾಲೇಜಿನ ಗೆಳತಿ, ಕೈಗಳ ಸರ್ಜನ್.
ಅವಳ ಮದುವೆಯಲ್ಲಿ ನಾನೂ ಉಂಡವಳೇ,
ಈ ಡಾಕ್ಟರೂ ಆ ಪಂಕ್ತಿಯಲ್ಲಿದ್ದರೋ ಏನೋ.
ಫೋನು ಹಚ್ಚಿದೆ. ಎತ್ತಲಿಲ್ಲ.
ಮತ್ತೆ ಹಚ್ಚಿದೆ.