ಚಾಸಿ ನಂಬರು

ಸಲೋಮಿ ಅತ್ತಿ ಲ್ಯಾಂಬ್ರೆಟಾ ಮಾರಿದ್ದು
ಎಂಬತ್ತಮೂರರ ಕ್ರಿಸ್ಮಸ್ಸಿನ ಹಿಂದಿನ ವಾರ,
ಮೊಣಕಾಲು ಮಾತು ಕೇಳದಾದಾಗ.
ಆಮ್ಯಾಲ ಎಷ್ಟೋ ದಿನ ಅಂಗಳ ಕಸ ಹೊಡದಳು
ಎಣ್ಣಿ ಕಲೆ ಒಂದು ಬಿಟ್ಟು.
ಬುಕ್ಕು ಗಾಡಿ ಕೂಡ ಹೋತು.
ಉಳಿದದ್ದು ಒಂದು ವಿಮಾ ಕಾಗದ,
ಗೆದ್ದಲು ಅರ್ಧ ಓದಿ ಬಿಟ್ಟದ್ದು;
ಅದರ ಮೂಲ್ಯಾಗ ಆರು ಅಂಕಿಯ ಚಾಸಿ ನಂಬರು.

ಗುಳೇದಗುಡ್ಡದಾಗ ಆಕಿ ಬರೇ ನರ್ಸಬಾಯಿ.
ರಾತ್ರಿ ಪರ್ವತಿಗೋ ಲಾಯದಗುಂದಿಗೋ ಕರೆ ಬಂದರ
ಸೀರಿ ನೆರಗಿ ಪಿನ್ನ ಹಚ್ಚಿ, ಗಾಡಿ ಸ್ವಲ್ಪ ವಾಲಿಸಿ
ಒಂದ ಕಿಕ್ಕು.
ನೇಕಾರ ಓಣಿಯ ಹುಡುಗರಿಗೆಲ್ಲ ಗೊತ್ತಿತ್ತು:
ಆ ಗಾಡಿಗೆ ಎರಡು ಹೊಟ್ಟಿ.
ಬಲಗಡೆ ಇಂಜಿನ್ನು,
ಎಡಗಡೆ ಕೂಸು.
ನಾನು ಹತ್ತು ವರ್ಷದ ತನಕ ನಂಬಿದ್ದೆ.
ನಿನಗ್ಯಾಕ ಒಂದೂ ಇಲ್ಲ ಅಂತ ಕೇಳಿದ್ದೆ ಒಮ್ಮೆ.
"ಎಲ್ಲಾರಿಗೂ ಕೊಡಕೋತ ಹೋದೆ,
ನನ್ನ ಪಾಳಿ ಬರೂದ್ರಾಗ ಡಬ್ಬಿ ಖಾಲಿ" ಅಂದಳು.

ಮುಂದ ನಿಲ್ಲಿಸಿಕೊಂಡು ಒಯ್ತಿದ್ದಳು ನನ್ನ.
"ತೆಗ್ಗು ಬಂತು, ನಾಲಗಿ ಒಳಗ."
ಬ್ಯಾರೆ ಬುದ್ಧಿ ಹೇಳಿದ್ದು ನೆನಪಿಲ್ಲ.

ಬ್ಯಾಂಕಿನಾಗ ಹದಿನೈದು ದಿನ ರಜಾ ಬರದೆ.
"ಯಾರಿಗರೆ ಆರಾಮಿಲ್ಲೇನ್ರಿ?" ಮ್ಯಾನೇಜರು ಕೇಳಿದರು.
ಹೌದ್ರಿ ಅಂದೆ.

ನವನಗರದ ಕ್ಲಾರ್ಕ ಬಿಜಾಪುರಕ್ಕ ಹೋಗ್ರಿ ಅಂದ.
ಬಿಜಾಪುರದವ ಬಾಗಲಕೋಟಿಗೆ ಅಂದ.
ಹಳೇ ದಫ್ತರ ಊರು ಮುಳುಗೂ ಮುಂದ
ಲಾರಿಗೆ ಹೋದುವೋ ನೀರಿಗೆ ಹೋದುವೋ
ಇಬ್ಬರಿಗೂ ಗೊತ್ತಿರಲಿಲ್ಲ.

ಕೆರೂರಿನ ಡ್ರಾಯಿಂಗ್ ಮಾಸ್ತರರ ಹೆಂಡತಿ
"ಅದರ ಹೆಸರ ಎತ್ತಬ್ಯಾಡ್ರಿ, ನಮ್ಮವರ ಕಾಲು ಮುರದೈತಿ" ಅಂದು
ಚಾ ಕುಡಿಸಿ, ಲೋಕಾಪುರದ ದಾರಿ ಹೇಳಿದಳು.
ಲೋಕಾಪುರದ ಸೋಡಾ ಅಂಗಡಿ ಈಗ ಮೊಬೈಲ್ ಅಂಗಡಿ.
ಮಗ ಹೇಳಿದ: ಅಪ್ಪ ಆಕಾಶಬಣ್ಣ ಪೂರಾ ಕೆರಸಿ
ಕೆಂಪು ಹಚ್ಚಿಸಿದ್ದ, ಹಿಂದ ಗೋಲಿ ಬಾಟಲಿ ಚಿತ್ರ.
ಮುಧೋಳದ ದಸ್ತಗೀರ ಮೇಸ್ತ್ರಿಗೆ ಕಣ್ಣಾಗ ಪೊರೆ.
"ಮಂದಿ ಮರೀತೇನವ್ವಾ, ಇಂಜಿನ್ ಮರಿಯಂಗಿಲ್ಲ.
ಎರಡನೇ ಗೇರ್ ಬೀಳೂ ಮುಂದ ಸಣ್ಣಗ ಕೆಮ್ಮತಿತ್ತು.
ಬನಹಟ್ಟಿಗೆ ಹೋತು, ನೂಲು ಹೊರಾಕ."

ಬನಹಟ್ಟ್ಯಾಗ ಓಣಿಗೆಲ್ಲ ಮಗ್ಗದ ಸಪ್ಪಳ,
ಯಾವ ಗಾಡಿ ಕೆಮ್ಮಿದರೂ ಕೇಳಾಂಗಿಲ್ಲ.
ಪರಪ್ಪ ಚಿಂಚಕಂಡಿಯ ಕಟ್ಟಿಗೆ ಆತು ನಿಂತಿತ್ತು.
ಈಗ ಹಸಿರು. ನೂಲಿನ ಧೂಳು ಕುಂತು
ಅದೂ ಅಷ್ಟಕ್ಕಷ್ಟ.
ಅಂಚು ಉಗರಲೆ ಕೆರದೆ.
ಹಸಿರಿನ ಕೆಳಗ ಕೆಂಪು,
ಕೆಂಪಿನ ಕೆಳಗ ತಗಡು.

ಹಾಳಿ ಒತ್ತಿಹಿಡಿದು ಪೆನ್ಸಿಲ್ ಉಜ್ಜಿದೆ.
ಒಂದೊಂದ ಅಂಕಿ ಮ್ಯಾಲೆದ್ದು ಬಂತು:
ನಾಲ್ಕು, ಏಳು, ಸೊನ್ನೆ, ಎರಡು, ಏಳು.
ಕಡೀದು ಸವದಿತ್ತು, ಮೂರೋ ಎಂಟೋ.
ನನ್ನ ಕಾಗದದಾಗ ಎಂಟು.
ಪರಪ್ಪನೂ ಬಗ್ಗಿ ನೋಡಿದ.
"ನಿಮಗ ಎಷ್ಟು ಬೇಕ್ರಿ?" ಅಂದ.

ಎಡಗಡೆ ಹೊಟ್ಟಿ ತೆಗೀರಿ ಅಂದೆ.
ಒಂದು ಸ್ಪ್ಯಾನರು, ಎಣ್ಣಿ ಕುಡದ ಅರಬಿ,
ಮತ್ತ ಬಿಳಿ ವಸ್ತ್ರದಾಗ ಬಿಗಿ ಸುತ್ತಿದ್ದೇನೋ.
"ಬುತ್ತಿರೀ" ಅಂದ, ನಾಚಿ.
ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.

"ಮಾರಾಂಗಿಲ್ಲರಿ ಮತ್ತ. ಇದರ ಮ್ಯಾಲ ನಮ್ಮ ಹೊಟ್ಟಿ.
ಬೇಕಾದ್ರ ಒಂದು ಸುತ್ತು ಹಾಕಿಸಿಕೊಂಡ ಬರ್ತೀನಿ."

ಹಿಂದ ಕುಂತೆ, ನೂಲಿನ ಗಂಟಿನ ಜಾಗಾದಾಗ.
ರಬಕವಿ ರಸ್ತೆ. ಎರಡನೇ ಗೇರು.
ಕೆಮ್ಮಿದ್ದು ಗಾಡಿಯೋ ಪರಪ್ಪನೋ ತಿಳೀಲಿಲ್ಲ.
ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಬಾಜೂಕ ಇಳದ.
ಮುಂದ ತೆಗ್ಗು.
ಅವ ಏನೂ ಅನಲಿಲ್ಲ.
ನನ್ನ ನಾಲಗಿ ತಾನ ಒಳಗ ಹೋತು.