ಗೀರು

ಬಮಾಕೊ. ದಬನಾನಿ ಸಂತೆಯ ತಿರುವಿನಲ್ಲಿ
ಹಸಿರು ವ್ಯಾನು ನಿಂತಿತ್ತು, ಹೊರಡುವ ಲಕ್ಷಣವಿರಲಿಲ್ಲ.
ಎದುರಿಗೆ ಬೆಂಚು. ಬೆಂಚಿನ ಮೇಲೆ ಹುಡುಗ,
ಹುಡುಗನ ತೊಡೆಯ ಮೇಲೆ ಕೀಲಿ ಉದುರಿದ ಲ್ಯಾಪ್‌ಟಾಪು.
ಹಾಡಿಗೆ ಇಪ್ಪತ್ತೈದು ಫ್ರಾಂಕು;
ಹತ್ತು ಹಾಕಿಸಿಕೊಂಡರೆ ಎರಡು ಕೊಸರು.

ನಾನು ಜುಮಾನಾ ಬೆರ್ತೆ. ದರ್ಜಿ.
ಮಡಿಲಲ್ಲಿ ಗುಂಡಿ ಹಾಕಬೇಕಾದ ಆರು ಶಾಲೆಯ ಚಡ್ಡಿ.
ನಲವತ್ತು ವರ್ಷದ ಹಿಂದೆ ಈ ಕೈಗೆ ಬೇರೆ ಕೆಲಸವಿತ್ತು:
ಸೋರೆಬುರುಡೆಗಳ ಮೇಲೆ ಸಾಲಾಗಿ ಬಿಗಿದ ಮರದ ಪಟ್ಟಿ,
ತುದಿಗೆ ರಬ್ಬರು ಸುತ್ತಿದ ಎರಡು ಕೋಲು.

ಹುಡುಗನ ಡಬ್ಬಿಯಿಂದ ಅದು ಹೊರಬಂತು.
ಮೊದಲು ಗುರುತು ಹತ್ತಲಿಲ್ಲ,
ತನ್ನ ಬೆನ್ನು ತನಗೆ ಎಲ್ಲಿ ಗುರುತು?
ಆಮೇಲೆ ಎಡಗೈ ತಾನಾಗಿ ಚಡ್ಡಿಯ ಮೇಲೆ ಬಡಿಯತೊಡಗಿತು,
ಬಲಗೈ ಅದರ ಹಿಂದೆ ಓಡಿತು.

"ಯಾರದಪ್ಪಾ ಇದು?"
"ಯಾರದೂ ಅಲ್ಲ, ಅಜ್ಜ. ಆಡಿಯೊ ನಲವತ್ಮೂರು."

ರೆಕಾರ್ಡಿನ ಕಾಲ ಬಂಗಾರದ್ದು ಅನ್ನುವವರಿದ್ದಾರೆ.
ಅವರು ಅದನ್ನು ಕೊಂಡವರು, ಬಾರಿಸಿದವರಲ್ಲ.
ಇಡೀ ರಾತ್ರಿ ನಮ್ಮನ್ನು ಒಂದೇ ಮೈಕಿನ ಮುಂದೆ ಕೂರಿಸಿ
ಬೆಳಗ್ಗೆ ಒಂದು ಮೂಟೆ ಅಕ್ಕಿ ಕೊಟ್ಟರು, ಏಳು ಜನಕ್ಕೆ.
ತಟ್ಟೆ ಅಚ್ಚಾದದ್ದು ಬೇರೆ ದೇಶದಲ್ಲಿ.
ಮುನ್ನೂರು ಹೋದವಂತೆ; ಎಣಿಸಿದವರೂ ಅವರೇ.
ಆದರೂ ಹೊದಿಕೆಯ ಹಿಂದೆ, ಕೆಳಗೆ, ಇರುವೆಯಂಥ ಅಕ್ಷರದಲ್ಲಿ
ಹೆಸರಿತ್ತು: ಬಲಾಫೋನ್, ಸುಮಾನಾ ಬೆರ್ತೆ.
ತಪ್ಪು ಹೆಸರು. ಆದರೆ ತಪ್ಪಾಗುವುದಕ್ಕಾದರೂ
ಒಂದು ಹೆಸರು ಬೇಕಲ್ಲ.

ನನಗೆ ಕೊಟ್ಟ ಪ್ರತಿ ಮಂಚದ ಕೆಳಗಿತ್ತು.
ಮಗಳು ತೆನಿನ್, ಆಗ ಮೂರು ವರ್ಷ,
ಒಂದು ಮಧ್ಯಾಹ್ನ ಗಂಜಿಯ ಚಮಚದಿಂದ ಅದನ್ನು ಉತ್ತಳು.
ಅಂದಿನಿಂದ ಮುಳ್ಳು ಆ ಜಾಗಕ್ಕೆ ಬಂದರೆ ಎಡವಿ,
ಟಕ್ಕ,
ಒಂದು ಪೆಟ್ಟು ನುಂಗಿ ಆಚೆ ದಡಕ್ಕೆ ನೆಗೆಯುತ್ತಿತ್ತು.
ಹೊಡೆಯಲು ಎತ್ತಿದ ಕೈಯನ್ನು ಅವಳು ನಕ್ಕಳೆಂದು ಇಳಿಸಿದೆ.
ಅವಳಿಗೆ ಹತ್ತು ತುಂಬಿದ ಮಳೆಗಾಲ, ಜ್ವರ ಬಿಡದೆ ಇದ್ದಾಗ,
ಹಳೆಯದನ್ನು ಹುಡುಕುತ್ತ ಬಂದ ಬಿಳಿಯನಿಗೆ ಮಾರಿದೆ.
ಗೀರಿದೆ ಅಂದ. ಅರ್ಧಕ್ಕಿಳಿಸಿದ.
ಔಷಧಿಗೆ ಸಾಕಾಯಿತು. ಈಗವಳು ಸೆಗುವಿನಲ್ಲಿ
ಮೀನು ಹುರಿದು ಮಾರುತ್ತಾಳೆ, ಗಂಡನಿಗಿಂತ ಗಟ್ಟಿಯಾಗಿದ್ದಾಳೆ.

ಈಗ ಕೇಳಿ.
ಡಬ್ಬಿಯಲ್ಲಿ ಹಾಡು ಏರುತ್ತಾ ಬಂತು,
ಯಾಕೋ ಉಸಿರು ಹಿಡಿದೆ.
ಟಕ್ಕ.
ಅದೇ ಜಾಗ. ನುಂಗಿದ್ದೂ ಅದೇ ಪೆಟ್ಟು.
ಮುನ್ನೂರರಲ್ಲಿ ಇದು ನನ್ನದೇ ತಟ್ಟೆ!
ಯಾವ ಊರಿನಲ್ಲಿ ಅದನ್ನು ಯಂತ್ರಕ್ಕೆ ಉಣಿಸಿದರೋ,
ಎಷ್ಟು ಫೋನು ದಾಟಿತೋ,
ಹೆಸರು, ಹೊದಿಕೆ, ಧೂಳು, ತೂಕ ಎಲ್ಲ ಕಳೆದುಕೊಂಡು
ನನ್ನ ಮಗಳ ಚಮಚದ ಗೆರೆಯೊಂದನ್ನು ಮಾತ್ರ
ಜೋಪಾನವಾಗಿ ಹೊತ್ತು ಊರಿಗೆ ಬಂದಿದೆ.

ವ್ಯಾನಿನ ಬಾಗಿಲಿಗೆ ಜೋತ ಕಂಡಕ್ಟರ್ ಪೋರ ಕಾಲು ಕುಣಿಸುತ್ತಿದ್ದ.
ಟಕ್ಕಿಗೆ ಸರಿಯಾಗಿ ಅವನ ಹೆಜ್ಜೆಯೂ ಕುಂಟಿತು, ಬೇಕೆಂದೇ.
"ಆ ಜಾಗವೇ ಚೆಂದ. ಅದಿಲ್ಲದಿದ್ದರೆ ಯಾರು ಕೇಳ್ತಾರೆ?"

ಈ ಇಪ್ಪತ್ತೈದರಲ್ಲಿ ನನಗೆ ಕಾಸಿಲ್ಲ.
ಅಂದು ಅಕ್ಕಿಯಾದರೂ ಇತ್ತು.
ಆದರೆ ಅಂದು ಯಾವ ಪೋರನೂ
ನನ್ನ ಮನೆಯ ಗೀರಿಗೆ ಕುಣಿದದ್ದು ನಾನು ಕಾಣೆ.
ಹಾಳಾಯಿತೋ, ಉಳಿಯಿತೋ,
ತೂಗಲು ಹೋದರೆ ತಕ್ಕಡಿಯೇ ನನ್ನದಲ್ಲ.

ನಾನು ಯಾರೆಂದು ಹೇಳಿದೆ. ಬೆಂಚಿನ ಹುಡುಗ ನಂಬಲಿಲ್ಲ;
ಮನೆತನದ ಹೆಸರು ಕೇಳಿ, "ಅಲಸಂದೆ ತಿನ್ನೋರು ಬಾರಿಸೋದೂ ಉಂಟೆ!"
ಎಂದು ನಕ್ಕ. ಆ ಬೈಗುಳ ನಮ್ಮ ಕಡೆ ನಂಟಸ್ತಿಕೆ.
ಆಮೇಲೆ ಕೀಲಿಗಳ ಮೇಲೆ ಬೆರಳಿಟ್ಟು,
"ಹೆಸರು ಹೇಳು, ಬರೀತೀನಿ," ಅಂದ.

ಜುಮಾನಾ.
ಹುಡುಕಿದ. 'ಜ' ಇದ್ದ ಕೀಲಿ ಉದುರಿಹೋಗಿತ್ತು.
"'ಸ' ಹಾಕಲಾ, ಅಜ್ಜ?"

ಹಾಕು, ಅಂದೆ.
ಇಪ್ಪತ್ತೈದು ಫ್ರಾಂಕು ಕೊಟ್ಟು ನನ್ನನ್ನು ಕೊಂಡೆ.
ಕೊಸರು ಕೊಡಲಿಲ್ಲ.